ನೆರಳಿನ ಕೆಲಸ

ಈ ಮಗುವಿನ ಕೈ ಕೂಲಿಗೆ ಹೋಗಬಾರದು ಎಂದು ಪುಟ್ಟಸಿದ್ದಮ್ಮ ಗಂಡನನ್ನು ಕೇಳಿಕೊಂಡದ್ದು ಅನು ಹುಟ್ಟಿದ ವಾರ. ಚೆಂಡು ಹೂವು ಕೀಳುತ್ತಿದ್ದ ಹೊಲದಿಂದಲೇ ಹೆರಿಗೆಗೆ ಹೋದವಳು. ಬೆರಳಿನ ಕರೆ ಇನ್ನೂ ಹೋಗಿರಲಿಲ್ಲ. ರಘುನಾಥ ಮಗುವಿನ ತಲೆ ಮುಟ್ಟಿ, ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದ.

ಈ ಭಾನುವಾರ ಹೂವಿನ ಹೊಲದ ಮೇಸ್ತ್ರಿ ಚಿಕ್ಕಮಲ್ಲಮ್ಮ ಆಳು ಕರೆಯಲು ತೆರಕಣಾಂಬಿಯ ಅವರ ಮನೆಗೆ ಬಂದಾಗ, ಐದನೇ ಕ್ಲಾಸಿನ ಅನು ತಲೆ ಬಾಚಿಕೊಂಡು, ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಳು. ಪರದೆಯ ಮೇಲೆ ಸೊಟ್ಟಪಟ್ಟ ಇಂಗ್ಲಿಷ್ ಅಕ್ಷರಗಳ ಒಂದು ಚಿತ್ರ ಬರುತ್ತಿತ್ತು. ಅದು ಮಾಯವಾಗುವುದರೊಳಗೆ ಅಕ್ಷರ ನೋಡಿ ಒತ್ತಬೇಕು. ಒತ್ತಿದರೆ ಇನ್ನೊಂದು. ಅದಕ್ಕೆ ಅರ್ಥವೂ ಇಲ್ಲ, ಕೊನೆಯೂ ಇಲ್ಲ.

ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಗುಂಡ್ಲುಪೇಟೆಯಲ್ಲಿ ಮುಚ್ಚಿಹೋದ ಟೈಪಿಂಗ್ ಸೆಂಟರಿನಿಂದ ಆ ದಪ್ಪ ಮಾನಿಟರನ್ನು, ಅಕ್ಷರ ಒತ್ತಿದರೆ ದುಡ್ಡು ಎಂದು ಕೇಳಿ, ರಘುನಾಥನೇ ಹೊತ್ತು ತಂದಿದ್ದ. ಆದರೆ ತರಕಾರಿ ಮಂಡಿಯಲ್ಲಿ ಮೂಟೆ ಎತ್ತಿ ಮರಗಟ್ಟಿದ ಅವನ ಬೆರಳು ಅಕ್ಷರ ಹುಡುಕುವಷ್ಟರಲ್ಲಿ ಚಿತ್ರ ಹೋಗಿಬಿಡುತ್ತಿತ್ತು. ಒಂದು ದಿನ ಅನು ಆಟಕ್ಕೆಂದು ಕೂತಳು, ಒಂದೂ ತಪ್ಪಿಲ್ಲದೆ ಒತ್ತಿದಳು. ಆಮೇಲೆ ಅವಳೇ ಕೂರುವುದಾಯಿತು. ವಸತಿ ಶಾಲೆಗೆ ಸೇರುವಾಗ ಟ್ರಂಕು, ಬಟ್ಟೆಬರೆ ಬೇಕಲ್ಲ, ಅದಕ್ಕಾಗಲಿ ಎಂದು ಶುರುವಾದ ಕೆಲಸ. ಆ ಶಾಲೆಯ ಪ್ರವೇಶ ಪರೀಕ್ಷೆ ಮುಂದಿನ ವಾರ ಇತ್ತು. ಗುಂಡ್ಲುಪೇಟೆಯಲ್ಲಿ ಅದಕ್ಕೆಂದು ಪಾಠ ಹೇಳುತ್ತಿದ್ದ ಮೇಷ್ಟರು, ಇವತ್ತಿನದು ಕೊನೆಯ ಪಾಠ, ಇದಕ್ಕಾದರೂ ಕಳಿಸಿ ಎಂದು ರಘುನಾಥನಿಗೆ ಹೇಳಿ ಕಳಿಸಿದ್ದರು.

ಹೂವು ಬಲಿತಿದೆ, ಲಾರಿ ಕಾಯುತ್ತಿದೆ, ಒಂದು ಆಳು ಕಮ್ಮಿ, ರಜೆಯಲ್ಲವಾ, ಹುಡುಗಿಯನ್ನೂ ಕಳಿಸು ಎಂದಳು ಚಿಕ್ಕಮಲ್ಲಮ್ಮ. ರಘುನಾಥ ನಕ್ಕ.

"ನನ್ ಮಗ್ಳು ಕೂಲಿಗೆ ಬರಾಕಿಲ್ಲ ಕಣಕ್ಕ. ಅವ್ಳ್ದು ಕಂಪ್ಯೂಟ್ರು ಕೆಲ್ಸ. ಫ್ಯಾನ್ ಕೆಳ್ಗೆ."

ಚಿಕ್ಕಮಲ್ಲಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರಿದಳು. ಅವಳ ಸೊಸೆ ಎಸ್ಸೆಸ್ಸೆಲ್ಸಿ ಪಾಸಾದವಳು, ಬಿಸಿಲಿಗೆ ಬಂದರೆ ತಲೆನೋವು ಎನ್ನುತ್ತಾಳೆ. ಅವಳಿಗೂ ಇಂಥದ್ದೊಂದು ಸಿಕ್ಕಬಹುದಾ ಎಂದು ಆಸೆಯಿಂದಲೇ ವಿಚಾರಿಸತೊಡಗಿದಳು.

"ದಿನಗೂಲಿನಾ, ತೂಕದ ಲೆಕ್ಕನಾ?"

"ಸಾವ್ರ ಒತ್ತುದ್ರೆ ಇಷ್ಟು ಅಂತ."

"ತಪ್ಪಾದ್ರೆ?"

"ಮುರ್ಕತರೆ."

"ನಮ್ಮಂಗೆ ಅನ್ನು. ಊವಿನ್ ಜೊತೆ ಕಡ್ಡಿ ಬಂದ್ರೆ ತೂಕ್ದಲ್ಲಿ ಮುರ್ಕತರಲ್ಲ, ಅಂಗೆ. ಮೇಸ್ತ್ರಿ ಯಾರು?"

ಚಾಮರಾಜನಗರದ ಶಿವರುದ್ರಸ್ವಾಮಿ, ಐಡಿ ಕೊಟ್ಟಿದ್ದು ಅವರೇ ಎಂದ ರಘುನಾಥ. ಅವರ ಮೇಲೆ ಯಾರು ಎಂದರೆ ಅವನಿಗೆ ಗೊತ್ತಿರಲಿಲ್ಲ. ಹುಷಾರಿಲ್ಲದಿದ್ದರೆ ರಜೆ ಉಂಟಾ ಎಂದು ಕೇಳಿದಳು. ದಿನದ ಲೆಕ್ಕ ತುಂಬದಿದ್ದರೆ ಐಡಿ ನಿಲ್ಲಿಸುತ್ತಾರೆ, ಅಲ್ಲಿಯವರೆಗೆ ದುಡಿದದ್ದೂ ಹೋಗುತ್ತದೆ ಎಂದ. ಕರೆಂಟು ಹೋದರೆ ಎಂದಳು. ಬಂದ ಮೇಲೆ ಕೂತು ತುಂಬಿಸಬೇಕು ಎಂದ. ಒಂದೊಂದು ಉತ್ತರಕ್ಕೂ ಅವನ ದನಿ ಇಳಿಯುತ್ತ ಬಂತು.

"ಬ್ಯಾಡ ಬುಡಪ್ಪ, ನನ್ ಸೊಸೆ ನನ್ ಜೊತೇಲೇ ಬರ್ಲಿ," ಎಂದು ಚಿಕ್ಕಮಲ್ಲಮ್ಮ ಎದ್ದಳು. "ಮಳ ಬಂದ್ರೆ ನಾವು ಮರುದ್ ಕೆಳ್ಗಾದ್ರೂ ಕೂರ್ತೀವಿ."

ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟಿದ್ದ ಪುಟ್ಟಸಿದ್ದಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಗಳು ಕಂಪ್ಯೂಟರ್ ಕಲಿಯುತ್ತಿದ್ದಾಳೆ ಎಂದೇ ಅವಳು ಈವರೆಗೆ ತಿಳಿದಿದ್ದಳು. ಹೊಲದಲ್ಲಿ ನಾಲ್ಕು ಜನರ ಎದುರು ಹಾಗೆ ಹೇಳಿಕೊಂಡೂ ಇದ್ದಳು. ಗಂಡನ ಮುಖ ನೋಡಿದಳು.

"ಕೂತ್ಕಂಡ್ ಮಾಡುದ್ರೆ ಅದು ಕೂಲಿ ಅಲ್ವಾ?"

ಟ್ರಂಕಿಗೆ ಅಂತ ಎಂದ ರಘುನಾಥ. ತಿರುವಿನಲ್ಲಿ ಗುಂಡ್ಲುಪೇಟೆ ಬಸ್ಸಿನ ಹಾರ್ನ್ ಕೇಳಿಸಿತು.

"ಬಸ್ ಬಂತು, ಎದ್ದೇಳಮ್ಮಿ," ಎಂದಳು ಪುಟ್ಟಸಿದ್ದಮ್ಮ.

ಅನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನೀ ಓಗವ್ವ. ಲೆಕ್ಕ ಇನ್ನೂ ಅದೆ. ಪಾಠುಕ್ಕೆ ನಾ ಓಗ್ದೆ ಬೋ ದಿನ ಆಯ್ತು."

ಪುಟ್ಟಸಿದ್ದಮ್ಮ ಬೇರೆ ದಿನ ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗುವವಳು, ಇವತ್ತು ಮಾತ್ರ ತಡವಾಗಿತ್ತು. ಮಗಳು ವಾರ ವಾರ ಬಸ್ಸು ಹತ್ತುತ್ತಿದ್ದಾಳೆ ಎಂದುಕೊಂಡಿದ್ದಳು. ಅವಳು ಬೈಯಲಿಲ್ಲ. ಗಂಡನಿಗೆ ಮೆಲ್ಲಗೆ, "ನೀನೇ ಎಬ್ಬುಸು," ಎಂದಳಷ್ಟೆ.

ರಘುನಾಥ ಸ್ವಿಚ್ಚಿನತ್ತ ಕೈ ಚಾಚಿದ. ಈಗ ಆರಿಸಿದರೆ ಮಗಳು ಇಷ್ಟು ದಿನ ಒತ್ತಿದ್ದೆಲ್ಲ ನೀರುಪಾಲಾಗುತ್ತದೆ. ಇವತ್ತು ಒಂದು ದಿನ ತುಂಬಿಸಿಬಿಟ್ಟರೆ ಶಿವರುದ್ರಸ್ವಾಮಿ ದುಡ್ಡು ಕೊಡುತ್ತಾರೆ, ನಾಳೆಯಿಂದ ಇದರ ಸಹವಾಸವೇ ಬೇಡ. ಹಾಗಂತ ಹೋದ ಭಾನುವಾರವೂ ಅಂದುಕೊಂಡಿದ್ದ. ಕೈ ಅಲ್ಲೇ ನಿಂತಿತು. ಹೊರಗೆ ಬಸ್ಸು ನಿಂತು, ಯಾರನ್ನೋ ಹತ್ತಿಸಿಕೊಂಡು, ಗೇರು ಬದಲಿಸಿ ಹೋಯಿತು.

ಪುಟ್ಟಸಿದ್ದಮ್ಮ ಬುತ್ತಿ ಎತ್ತಿಕೊಂಡು ಚಿಕ್ಕಮಲ್ಲಮ್ಮನ ಹಿಂದೆ ಹೊರಟಳು. ಒಳಗೆ ಅನುವಿನ ಬೆರಳು ಟಕಟಕ ಎನ್ನುತ್ತಲೇ ಇತ್ತು. ಆ ದಿನ ಆ ಮನೆಯ ತಾಯಿ ಮಗಳು ಇಬ್ಬರೂ ಕೂಲಿ ಮಾಡಿದರು. ರಘುನಾಥ ಮಾತಿಗೆ ತಪ್ಪಿದ.