ತಳದ ತೂತು

“ಆ ತೂತನ್ನ ಯಾಕಪ್ಪಾ ಮುಚ್ತಿದ್ದೀಯಾ?”

ಕೆಲಸಕ್ಕೆ ಹೊರಟಿದ್ದ ಎಲ್ಸಿನಾ ಕಾರಿನ ಬಾಗಿಲು ಹಿಡಿದುಕೊಂಡೇ ಕೇಳಿದಳು. ಅವಳ ಅಪ್ಪ ಎಫ್ರಾಯಿಮ್ ಶೆಡ್ಡಿನಲ್ಲಿ ಬ್ಯಾಟರಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು, ಮೋಟಾರಿಗೆ ಕರೆಂಟು ಹಂಚುವ ಕರಿ ಡಬ್ಬಿಯ ತಳಕ್ಕೆ ಸಿಲಿಕೋನ್ ಮೆತ್ತುತ್ತಿದ್ದ.

“ತಳದಲ್ಲಿ ತೂತು ಬಿಟ್ಟ ಪುಣ್ಯಾತ್ಮ ನನ್ನ ಕೈಗೆ ಸಿಗಬೇಕಿತ್ತು. ಥರ್ಸ್‌ಡೇ ದ್ವೀಪದಲ್ಲಿ ನಲವತ್ತು ವರ್ಷ ದೋಣಿ ಕಟ್ಟಿದೀನಿ. ನಾನೂ ಹಿಂಗೇ ತೂತು ಬಿಟ್ಟಿದ್ರೆ ಅರ್ಧ ದ್ವೀಪ ಸಮುದ್ರದ ಪಾಲಾಗಿರೋದು.”

“ಇದು ದೋಣಿಯಲ್ಲ. ಕಂಪನಿಯವರೇ ಇಟ್ಟಿರೋದು, ಏನೋ ಕಾರಣ ಇರುತ್ತೆ.”

“ಕಾರಣ ಸೋಮಾರಿತನ.”

ಮೋಡ ಆಗಲೇ ಬೆಟ್ಟದಿಂದ ಕೆಳಗಿಳಿದಿತ್ತು. ಅವರು ಈಗಿದ್ದ ಕೇರ್ನ್ಸ್ ಪಟ್ಟಣದಲ್ಲಿ ಮಳೆಗಾಲ ಶುರುವಾಗಿ ಹತ್ತೇ ದಿನ, ಅಷ್ಟರಲ್ಲಿ ಈ ಸೈಕಲ್ಲು ಎರಡು ಸಲ ನಡುದಾರಿಯಲ್ಲಿ ಕೈಕೊಟ್ಟಿತ್ತು. ಬೇರೆಯವರಿಗಾದರೆ ಅದೊಂದು ಕಿರಿಕಿರಿ, ಅಷ್ಟೆ. ಎಫ್ರಾಯಿಮನ ಹೆಂಡತಿ ನಯೋಮಿ ಊರಿನ ಇನ್ನೊಂದು ತುದಿಯ ಆರೈಕೆ ಮನೆಯಲ್ಲಿದ್ದಳು. ಪಾರ್ಶ್ವವಾಯು ಹೊಡೆದು ಎಂಟು ತಿಂಗಳಾಗಿತ್ತು. ಮಾತು ಹೋಗಿತ್ತು, ಬುದ್ಧಿ ಹೋಗಿರಲಿಲ್ಲ, ಹಟವಂತೂ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಸಂಜೆ ಐದರ ಊಟವನ್ನು ಗಂಡನೇ ತಿನ್ನಿಸಬೇಕು. ದಾದಿಯರು ಪುಸಲಾಯಿಸಿ ಸೋತಿದ್ದರು, ಮಗಳು ಎರಡು ಭಾನುವಾರ ಪ್ರಯತ್ನಿಸಿ ಅತ್ತುಕೊಂಡು ಎದ್ದು ಬಂದಿದ್ದಳು. ಕಣ್ಣು ಮಂಜಾಗಿ ಕಾರಿನ ಲೈಸೆನ್ಸು ಹೋದ ಮೇಲೆ ಎಫ್ರಾಯಿಮನಿಗೆ ಉಳಿದದ್ದು ಈ ಸೈಕಲ್ಲೊಂದೇ. ಕಳೆದ ಮಂಗಳವಾರ ಅದು ಕೆಟ್ಟು ನಿಂತಾಗ ನಯೋಮಿ ಉಪವಾಸ ಮಲಗಿದ್ದಳು. ಅದನ್ನು ನೆನೆದರೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

“ಜೋರು ಮಳೆ ಬಂದ್ರೆ ಹೋಗ್ಬೇಡ. ಆರೂವರೆಗೆ ಬಂದು ನಾನೇ ಕರ್ಕೊಂಡು ಹೋಗ್ತೀನಿ,” ಎಂದಳು ಎಲ್ಸಿನಾ.

“ಐದರ ತಟ್ಟೆ ಆರೂವರೆ ತನಕ ಕಾಯುತ್ತಾ? ತೆಗೆದು ತೊಳೆದಿಟ್ಟುಬಿಡ್ತಾರೆ.”

“ನಿನ್ನ ಹತ್ರ ಮಾತಾಡೋಕಾಗಲ್ಲ. ಫೋನಾದ್ರೂ ಜೊತೇಲಿ ಇಟ್ಕೋ.”

“ಇಟ್ಕೋತೀನಿ, ಹೋಗೇ ಮಾರಾಯ್ತಿ.”

ಅವಳು ಹೋದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ವೈರು ಕೂಡುವಲ್ಲೆಲ್ಲ ಹಳೇ ಟ್ಯೂಬಿನ ಪಟ್ಟಿ ಸುತ್ತಿದ. ಬ್ಯಾಟರಿಯ ಮೂತಿಗೆ ಗ್ರೀಸು ಸವರಿದ. ಹ್ಯಾಂಡಲ್ಲಿನ ಪುಟ್ಟ ಪರದೆಗೆ ಬ್ರೆಡ್ಡಿನ ಚೀಲ ಹಾಕಿ ಕಟ್ಟಿದ. ಗಡಿಯಾರ ನೋಡಿದ, ಆಕಾಶ ನೋಡಿದ, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದ. ಕೊನೆಗೆ ಫೋನನ್ನೂ ಮೂರು ಚೀಲದೊಳಗೆ ತುರುಕಿ, ಟೇಪು ಬಿಗಿದು, ಹಿಂದಿನ ಪೆಟ್ಟಿಗೆಗೆ ಹಾಕಿ ಮುಚ್ಚಳ ಜಡಿದ. ನಾಲ್ಕೂಕಾಲಿಗೆ ಹೊರಟರೆ ಸಾಕಿತ್ತು, ನಾಲ್ಕಕ್ಕೇ ಹೊರಟುಬಿಟ್ಟ.

ಎರಡು ಕಿಲೋಮೀಟರು ದಾಟುವಷ್ಟರಲ್ಲಿ ಆಕಾಶ ಕಳಚಿಬಿತ್ತು. ದೊಡ್ಡ ವೃತ್ತದ ಹತ್ತಿರ ಮೋಟಾರು ಒಮ್ಮೆ ನಡುಗಿ ತಣ್ಣಗಾಯಿತು. ಎಫ್ರಾಯಿಮ್ ಗುಂಡಿ ಒತ್ತಿದ, ಇನ್ನೊಮ್ಮೆ ಒತ್ತಿದ. ಸೈಕಲ್ಲನ್ನು ಮರದಡಿಗೆ ಎಳೆದು, ಚಾಕು ತೆಗೆದು ಬೆಳಗಿನ ಸಿಲಿಕೋನನ್ನು ಕಿತ್ತ. ತಳದ ತೂತಿನಿಂದ ಒಂದು ಲೋಟದಷ್ಟು ನೀರು ಸೊರ್ರೆಂದು ಸುರಿಯಿತು. ವೈರಿನ ಗುಂಟ ಒಳಗಿಳಿದ ನೀರಿಗೆ ಹೊರಬೀಳಲು ಅವನು ದಾರಿಯನ್ನೇ ಬಿಟ್ಟಿರಲಿಲ್ಲ.

“ಲೇ ಮುದುಕಾ,” ಎಂದು ತನ್ನನ್ನೇ ಬೈದುಕೊಂಡ. “ನಲವತ್ತು ವರ್ಷ ದೋಣಿ ಕಟ್ಟಿದನಂತೆ!”

ಮತ್ತೆ ಗುಂಡಿ ಒತ್ತಿದರೂ ಮೋಟಾರು ಏಳಲಿಲ್ಲ. ಮೋಟಾರಿಲ್ಲದ ಆ ಸೈಕಲ್ಲು ಇಪ್ಪತ್ತೈದು ಕಿಲೋ ಭಾರದ ಕಬ್ಬಿಣ. ತುಳಿಯುವಲ್ಲಿ ತುಳಿದ, ನೀರು ನಿಂತಲ್ಲಿ ಇಳಿದು ತಳ್ಳಿದ. ಐದು ಗಂಟೆ ಕಳೆದದ್ದು ಅವನಿಗೆ ಗಡಿಯಾರ ನೋಡದೆಯೇ ಗೊತ್ತಾಯಿತು. ಈಗ ತಟ್ಟೆ ಬಂದಿರುತ್ತದೆ, ಈಗ ತಣ್ಣಗಾಗಿರುತ್ತದೆ, ಈಗ ತೆಗೆದುಕೊಂಡು ಹೋಗಿರುತ್ತಾರೆ ಎಂದು ಪ್ರತಿ ತಿರುವಿನಲ್ಲೂ ಲೆಕ್ಕ ಹಾಕುತ್ತ ಹೋದ. ಆರೈಕೆ ಮನೆ ಮುಟ್ಟಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ಒದ್ದೆ ಚಪ್ಪಲಿಯಲ್ಲಿ ಜಾರುತ್ತಲೇ ಓಡಿ ಕೋಣೆಯ ಬಾಗಿಲಿಗೆ ಬಂದರೆ, ಮಂಚದ ಪಕ್ಕ ಎಲ್ಸಿನಾ ಕೂತಿದ್ದಳು.

“ಎಲ್ಲಿ ಹಾಳಾಗಿ ಹೋಗಿದ್ದೆ ಅಪ್ಪಾ! ರಸ್ತೆಗೆ ನೀರು ಬರುತ್ತೆ ಅಂತ ನಮ್ಮ ಅಂಗಡಿ ಬೇಗ ಮುಚ್ಚಿದ್ರು. ಹನ್ನೊಂದು ಸಲ ಫೋನ್ ಮಾಡಿದೀನಿ. ಮನೆಗೆ ಹೋದ್ರೆ ಅಲ್ಲೂ ನೀನಿಲ್ಲ!”

“ಫೋನು ಪೆಟ್ಟಿಗೇಲಿತ್ತು, ಕೇಳಿಸ್ಲಿಲ್ಲ.” ಅವನಿಗೆ ಉಸಿರು ಸಾಲುತ್ತಿರಲಿಲ್ಲ. “ಅವಳ ಊಟ?”

“ಆಯ್ತು. ನಾನೇ ತಿನ್ನಿಸ್ದೆ!” ಎಲ್ಸಿನಾಳ ಸಿಟ್ಟು ಅಲ್ಲೇ ಇಳಿದು ಮುಖ ಅರಳಿತು. “ಕಿಟಕಿ ಆಚೆ ಮಳೆ ನೋಡಿದ್ಲು, ಬಾಗಿಲು ನೋಡಿದ್ಲು, ಆಮೇಲೆ ತಾನಾಗೇ ಬಾಯಿ ತೆರೆದ್ಲು. ನೀನು ಈ ಮಳೇಲಿ ಬರಲ್ಲ ಅಂದ್ಕೊಂಡ್ಲೋ ಏನೋ.”

ಎಫ್ರಾಯಿಮನಿಗೆ ಎದೆ ಹಗುರಾಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು. ಹಾಗಾದರೆ ಇನ್ನು ತಾನು ಬೇಕಾಗಿಲ್ಲ. ಬಟ್ಟೆಯಿಂದ ಇಳಿಯುತ್ತಿದ್ದ ನೀರನ್ನು ನೋಡುತ್ತ ಬಾಗಿಲಲ್ಲೇ ನಿಂತ.

“ಇನ್ನು ಆ ದರಿದ್ರ ಸೈಕಲ್ ಸಹವಾಸ ಸಾಕು,” ಎಂದಳು ಎಲ್ಸಿನಾ, ಬಟ್ಟಲಲ್ಲಿ ಉಳಿದಿದ್ದ ಕಸ್ಟರ್ಡನ್ನು ಬಳಿದು ಚಮಚಕ್ಕೆ ತುಂಬುತ್ತ. “ಅಮ್ಮ ಈಗ ಯಾರು ಕೊಟ್ರೂ ತಿಂತಾಳೆ. ಮಳೆಗಾಲ ಮುಗಿಯೋ ಏಪ್ರಿಲ್ ತನಕ ನೀನು ಆರಾಮಾಗಿ ಮನೇಲಿರು, ಬರೋದೇ ಬೇಡ. ಅಲ್ವೇನಮ್ಮಾ?”

ನಯೋಮಿ ಮುಂದೆ ಬಂದ ಚಮಚವನ್ನು ನೋಡಿದಳು. ಬಾಗಿಲಲ್ಲಿ ತೊಟ್ಟಿಕ್ಕುತ್ತ ನಿಂತ ಗಂಡನನ್ನು ನೋಡಿದಳು. ಆಮೇಲೆ, ಸೊಟ್ಟಗಾಗಿದ್ದ ತುಟಿಗಳೆರಡನ್ನೂ ಬಿಗಿಯಾಗಿ ಮುಚ್ಚಿಕೊಂಡುಬಿಟ್ಟಳು.