ಜಾಡಿಯಲ್ಲಿಟ್ಟ ಕೈರುಚಿ

ಮಂಗಳ ಗ್ರಹದಲ್ಲಿ ವೀಸಾ ಬದಲಿಸುವವರು ಹಳೆಯ ಕಸುಬನ್ನು ಜಾಡಿಗೆ ತುಂಬಿಸಿ ಕಚೇರಿಯಲ್ಲಿ ಬಿಟ್ಟುಹೋಗಬೇಕು. ಕಾಯಂ ವಾಸದ ಪರವಾನಗಿ ಸಿಕ್ಕ ಮೇಲೆಯೇ ಅದು ವಾಪಸ್. ಅಡುಗೆಯವರ ವೀಸಾಕ್ಕೆ ಪರವಾನಗಿ ಸಿಗುವುದಿಲ್ಲವೆಂದು ದಾವಣಗೆರೆಯ ವನಮಾಲಾ ಪೈಪ್ ರಿಪೇರಿಯ ವೀಸಾಕ್ಕೆ ಬದಲಾಗಿದ್ದಳು. ಅಂದಿನಿಂದ ಅವಳು ಹುಯ್ದ ದೋಸೆ ಕಾವಲಿ ಬಿಟ್ಟು ಏಳುತ್ತಿರಲಿಲ್ಲ. ಗಂಡ ಅದನ್ನು ಕೆರೆದು, ದೋಸೆಯೆಂದೇ ನಂಬಿ ತಿನ್ನುತ್ತಿದ್ದ.

ಇವತ್ತು ಪರವಾನಗಿ ಬಂತು. ವನಮಾಲಾ ಕೌಂಟರಿಗೆ ಓಡಿದಳು. ಗುಮಾಸ್ತೆ ಚಂದ್ರವ್ವ ತಂದುಕೊಟ್ಟ ಜಾಡಿಯ ಮುಚ್ಚಳಕ್ಕೆ ಬೆಣ್ಣೆಯ ಜಿಡ್ಡು ಅಂಟಿತ್ತು.

“ಏನ್ರೀ ಇದು? ನನ್ನ ಕೈರುಚಿನ ಬಳಸಿಬಿಟ್ರಾ?”

ಚಂದ್ರವ್ವ ತಲೆ ತಗ್ಗಿಸಿದಳು. “ಒಂದೇ ಸಲ ಅಂತ ತೆಗೆದೆ ಕಣ್ರೀ, ಆಮೇಲೆ ಮಕ್ಕಳು ಬಿಡಲಿಲ್ಲ. ನಾಳೆ ಮಗಳನ್ನ ನೋಡೋಕೆ ಗಂಡಿನವರು ಬರ್ತಿದಾರೆ. ಬೆಣ್ಣೆ ದೋಸೆ ಮಾಡ್ತೀನಿ ಅಂದ್ಬಿಟ್ಟಿದೀನಿ.”

ವನಮಾಲಾ ಜಾಡಿಯನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ಬಂದು, ಅದನ್ನು ಕೌಂಟರಿನ ಮೇಲಿಟ್ಟಳು.

“ನಾಳೆ ಒಂದಿನ ಇಟ್ಕೊಳ್ಳಿ. ಆದ್ರೆ ನಾನೂ ಬರ್ತೀನಿ. ಊರಿಗೆಲ್ಲ ಬಿಸಿ ದೋಸೆ ಹುಯ್ದು ಹಾಕಿ, ನಾನು ಯಾವಾಗಲೂ ಕೊನೇಲಿ ಆರಿದ್ದನ್ನೇ ತಿಂದಿದೀನಿ. ನನ್ನ ದೋಸೆ ಬಿಸಿಯಾಗಿ ಹೇಗಿರುತ್ತೆ ಅಂತ ಒಂದ್ಸಲ ಕೂತು ತಿಂದು ನೋಡ್ಬೇಕು.”