ಪರಿಶೀಲಿಸಿದವರ ಹೆಸರು

ಯಂತ್ರದ ಸೆನ್ಸರ್‌ಗಳನ್ನು ಹೊರಗಿನ ಪ್ರೋಗ್ರಾಂಗಳಿಗೆ ಒದಗಿಸುವ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ಇಂಟರ್‌ಫೇಸ್ ರೂಪಿಸುವ ಕೆಲಸ ನನಗೇ ಬರಬೇಕಿತ್ತು. ಹನ್ನೊಂದು ವರ್ಷ ಇಲ್ಲಿ ಕತ್ತೆ ಚಾಕರಿ ಮಾಡಿದವನು ನಾನು. ಸಿಕ್ಕಿದ್ದು ಮೊನ್ನೆ ಮೊನ್ನೆ ಸೇರಿದ ಇಂಚರಾಗೆ. ಕ್ಯಾಂಟೀನಿನಲ್ಲೂ ಅವಳದೇ ಹೊಗಳಿಕೆ. ಕುಡಿದ ಕಾಫಿ ಕಹಿಯಾಗುತ್ತಿತ್ತು.

ಅವಳ ಕೋಡನ್ನು ಪರಿಶೀಲಿಸಲು ನನಗೇ ಕಳಿಸಿದರು. ಓದುತ್ತಾ ಹೊಟ್ಟೆ ಉರಿಯಿತು, ಅಷ್ಟು ಚೆನ್ನಾಗಿತ್ತು. ಆಮೇಲೆ ಒಂದು ತಪ್ಪು ಕಣ್ಣಿಗೆ ಬಿತ್ತು. ಸೆನ್ಸರ್‌ಗಳಿಗೆ ಸಾಲಾಗಿ ನಂಬರ್ ಕೊಟ್ಟಿದ್ದಳು. ನಡುವಿನ ಒಂದನ್ನು ಕಿತ್ತರೆ ಅದರ ಮುಂದಿನವುಗಳ ನಂಬರೆಲ್ಲ ಬದಲಾಗಿ, ಪ್ರೋಗ್ರಾಂಗಳು ಒಂದರ ಬದಲು ಇನ್ನೊಂದನ್ನು ಓದುತ್ತಿದ್ದವು.

ಆಗಲೇ ಹೇಳಿದ್ದರೆ ಅರ್ಧ ದಿನದ ಕೆಲಸ. ಬಿಡುಗಡೆಯಾದ ಮೇಲೆ ತಿದ್ದುವಂತಿಲ್ಲ. ಜನ ನೆಚ್ಚಿಕೊಂಡ ಇಂಟರ್‌ಫೇಸನ್ನು ಬದಲಿಸಬಾರದು ಎಂಬುದು ನಮ್ಮಲ್ಲಿ ಕಟ್ಟಳೆ. ತಪ್ಪಿದ್ದರೆ ಆ ತಪ್ಪನ್ನೇ ಕೊನೆತನಕ ಸಾಕಬೇಕು.

"ಏನಾದ್ರೂ ಸಿಕ್ತಾ ಸರ್?" ಎಂದು ಇಂಚರಾ ಕೇಳಿದಳು.

"ಏನೂ ಇಲ್ಲಮ್ಮ. ಅಚ್ಚುಕಟ್ಟಾಗಿದೆ."

ಪರಿಶೀಲಿಸಿದವರು ಎಂಬಲ್ಲಿ ನನ್ನ ಹೆಸರು ಹಾಕಿದೆ. ಜೀವಮಾನವಿಡೀ ಅನುಭವಿಸಲಿ ಅಂದುಕೊಂಡೆ.

ಬಿಡುಗಡೆಯಾಗಿ ಎಂಟು ತಿಂಗಳಿಗೆ ದೇಶದೇಶಗಳಿಂದ ದೂರುಗಳು ಬರತೊಡಗಿದವು. ಮುಖ್ಯಸ್ಥರು ಕರೆದಾಗ ನಗು ತಡೆದುಕೊಂಡೇ ಒಳಗೆ ಹೋದೆ.

"ಇಂಚರಾಗೆ ಪ್ರಮೋಷನ್ ಆಗಿದೆ. ನಾಳೆಯಿಂದ ಬೇರೆ ಟೀಮು," ಎಂದರು. "ಅವರ ಇಂಟರ್‌ಫೇಸ್ ಯಾರಿಗೆ ವಹಿಸೋಣ ಅಂತ ಅವರನ್ನೇ ಕೇಳ್ದೆ. ಒಂದೊಂದು ಸಾಲನ್ನೂ ಓದಿ ಒಪ್ಪಿದವರು ನೀವೊಬ್ರೇ ಅಂದ್ರು. ಇನ್ಮೇಲೆ ಅದು ನಿಮ್ದೇ."